ಹಾಜರಿ

ನಾಳೆ ತಪಾಸಣಿಯವರು ಬರ್ತಾರಂತ
ಇವತ್ತೇ ಗ್ವಾಡಿಗೆ ಸುಣ್ಣ,
ಶಹಾಬಾದ ಫರಸಿಗೆ ಫಿನಾಯಿಲ್.
ಪ್ರಿನ್ಸಿಪಾಲರ ಕೈಯಾಗ ಪಟ್ಟಿ:
ಯಾವ ವಿಭಾಗಕ್ಕ ಎಷ್ಟು ಮಂದಿ, ಎಲ್ಲಿ ಖಾಲಿ.
ನನಗ ಪಟ್ಟಿ ಬೇಕಾಗಿಲ್ಲ.
ಮೂವತ್ತೊಂದು ವರ್ಷ ಈ ಬಾಗಿಲಾ ತೆಗದೀನಿ,
ಚಪ್ಪಲಿ ಸಪ್ಪಳದಾಗೇ ಹೆಸರು ತಿಳೀತಾವ.

ಕಾಲೆಳೀತಾ ಬರೋರು ಸಾಲಿಮಠ ಸರ್, ಶರೀರಕ್ರಿಯಾ;
ಕಪ್ಪಿ ಕೊಯ್ಯೋದು ಬಂದಾದ ದಿನ
ಒಬ್ಬರೇ ಕೂತು ನಕ್ಕಿದ್ದರು.
ಟಕಟಕ ಅಂದ್ರ ತಬಸ್ಸುಮ್ ಮೇಡಂ;
ಗುಳಿಗಿ ಹೆಸರು ಇಂಗ್ಲಿಷಿನಾಗ,
ಬೈಗುಳ ಮಾತ್ರ ನಮ್ಮ ಭಾಷಾದಾಗ.
ರೋಗಶಾಸ್ತ್ರದ ಜಯರಾಜ ಸರ್ ಸಪ್ಪಳೇ ಮಾಡಂಗಿಲ್ಲ,
ಗಾಜಿನ ಮ್ಯಾಲ ಬಗ್ಗಿ ಬಗ್ಗಿ
ಬೆನ್ನು ಪ್ರಶ್ನೆ ಚಿಹ್ನಿ ಆಗ್ಯಾದ.
ಮಕ್ಕಳ ವಾರ್ಡಿನ ಚಿಂಚೋಳಿಕರ ಬಾಯಿ
ಸ್ಟೆಥೊಸ್ಕೋಪು ಅಂಗೈಯಾಗ ಬಿಸಿ ಮಾಡಿ
ಆಮ್ಯಾಲ ಕೂಸಿನ ಎದಿಗೆ ಹಚ್ತಾರ,
ಕಲಬುರಗಿ ಮೇ ತಿಂಗಳ
ನಲವತ್ನಾಲ್ಕು ಡಿಗ್ರಿಯಾಗೂ.

ಅಂಗರಚನಾದಾಗ ಎರಡು ಕುರ್ಚಿ ಖಾಲಿ.
ಒಂದಕ್ಕ ಹೈದರಾಬಾದಿನಿಂದ ಬರಬೇಕಾದವರು
ನಮ್ಮ ಬಿಸಲು ಕೇಳಿ ಫೋನೇ ಎತ್ತವಲ್ಲರು.
ಇನ್ನೊಂದು ಖಾಲಿ ಅಂತ ಯಾರು ಅಂದಾರ?

ಗೇಟಿನ ಎದುರು ನೀಲಗಂಗಮ್ಮನ ಖಾನಾವಳಿ ಇತ್ತು.
ಜ್ವಾಳದ ರೊಟ್ಟಿ, ಪುಂಡಿಪಲ್ಯ.
ಉದ್ರಿ ಬರಕೊಳ್ಳಲಾಕ ಅಕ್ಷರ ಬರ್ತಿದ್ದಿಲ್ಲ,
ಗ್ವಾಡಿ ಮ್ಯಾಲ ಇದ್ದಲಿ ಗೆರಿ ಎಳೀತಿದ್ದಳು.
ಎಷ್ಟೋ ಡಾಕ್ಟರು ಆ ಗೆರಿ ಹಂಗೇ ಬಿಟ್ಟು
ದೊಡ್ಡವರಾಗಿ ಹೋದರು.
ಒಂದಿನ ಕೇಳಿದಳು:
“ಮಸ್ತಾನ, ಆ ಕಾಲೇಜಿನ ಒಳಗ ಬರಲಾಕ ಏನು ಓದಿರಬೇಕೋ?”
“ಭಾಳ ಓದಿರಬೇಕವ್ವ.”
“ಸತ್ತವರು?”
“ಒಂದು ಸಹಿ ಸಾಕು.”
ರೊಟ್ಟಿ ಮಗಚಿ ಹಾಕಿದಳು.
“ಹೆಬ್ಬಟ್ಟು ನಡೀತಾದೇನು, ಕೇಳಿ ಬಾ.”

ನಡೀತು.

ನಾಲ್ಕನೇ ಟೇಬಲ್ಲಿನ ಸುತ್ತ ಎಂಟು ಹುಡುಗರು.
ಜೇವರ್ಗಿ ಕಡಿಯ ಹುಡುಗಿ,
ಮೊದಲ ದಿನ ಹೊರಗೋಡಿ ಕಾರಿಕೊಂಡಾಕಿ,
ಇವತ್ತ ಆ ಮುಂಗೈ ಹಿಡಕೊಂಡು
ನರ ಒಂದೊಂದೇ ಬಿಡಿಸಿ ಹೆಸರು ಹೇಳ್ತಾಳ.
ಅಂಗೈಗೆ ಬಂದು ನಿಂತಳು.
“ಚರ್ಮ ಇಷ್ಟು ದಪ್ಪ ಅದಲ್ಲ ಅಣ್ಣ,
ಇವರು ಏನು ಕೆಲಸ ಮಾಡ್ತಿದ್ದರು?”
ಹೆಸರು ಹೇಳಬಾರದು, ನಿಯಮ ಅದ.
“ರೊಟ್ಟಿ ಬಡೀತಿದ್ದರು” ಅಂದೆ.
ಹುಡುಗಿ ಸುಮ್ಮನಾದಳು,
ಚಿಮಟಾ ಕೆಳಗಿಟ್ಟು
ಬೆರಳು ಒಂದೊಂದೇ ನೆಟ್ಟಗ ಮಾಡಿದಳು.

ರಜಾ ಇಲ್ಲ, ಪಗಾರ ಇಲ್ಲ,
ಬೆಳಗ್ಗೆ ಎಲ್ಲರಕಿಂತ ಮೊದಲ ಹಾಜರ್.
ನಾಳೆ ಸಾಹೇಬರು ಎಣಿಸ್ತಾರ,
ಎಣಿಕಿ ಕಡಿಮಿ ಬಂತು ಅಂತಾರ.
ನಾ ಬಾಗಲದಾಗ ಸುಮ್ಮನ ನಿಂತಿರ್ತೀನಿ.

ಸಂಜಿಗೆ ಗೇಟಿನ ಹೊರಗ ಬಂದು ನೋಡಿದೆ.
ಸುಣ್ಣದವರು ಉಳದ ಸುಣ್ಣ
ಖಾನಾವಳಿ ಗ್ವಾಡಿಗೂ ಬಳದು ಹೋಗ್ಯಾರ.
ಅದರಾಗ ನನ್ನವೂ ಏಳು ಗೆರಿ ಇದ್ದವು.