ಬಾಂದುಕಲ್ಲಿನ ಹೊತ್ತು

ನಿಟ್ಟೂರು ದಾಟಿ, ಜೀಪು ಸೋತಲ್ಲಿಂದ ನಡೆದು
ಎರಡು ಹಳ್ಳ ಹಾರಿ ಬಂದಿದ್ದೇವೆ.
ಗಿಡ್ಡಪ್ಪ ಕೋಲು ಹಿಡಿದು ನಿಂತಿದ್ದಾನೆ,
ಕೋಲಿನ ತುದಿಗೆ ಬಿಳಿ ಅಣಬೆಯಂಥ ರಿಸೀವರು.
ನನ್ನ ಕೈಯ ಪರದೆಯಲ್ಲಿ ಒಂದೇ ಮಾತು: ಫ್ಲೋಟ್.

ಫ್ಲೋಟ್ ಅಂದರೆ ತೇಲುತ್ತಿದ್ದೇವೆ ಅಂತ.
ಪಾದ ಮುಳುಗುವ ಕೆಸರಲ್ಲಿ ನಿಂತೇ ತೇಲುತ್ತಿದ್ದೇವೆ,
ಅರ್ಧ ಮಾರು ಅತ್ತ, ಅರ್ಧ ಮಾರು ಇತ್ತ.

ಬಂಗಾರಮ್ಮ ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ
"ಮೇಲಿಂದ ನನ್ನ ಒಲೆ ಕಾಣ್ತದಾ ಅವಕ್ಕೆ?" ಅಂದಳು.
ಇಲ್ಲ ಅಂದೆ.
ಅವು ಯಾರನ್ನೂ ನೋಡುವುದಿಲ್ಲ ಬಂಗಾರಮ್ಮ.
ನಿನ್ನ ಹೆಸರು, ಪಹಣಿ, ಪಕ್ಕದವನ ಜಗಳ
ಒಂದೂ ಗೊತ್ತಿಲ್ಲ.
ಇಪ್ಪತ್ತು ಸಾವಿರ ಕಿಲೋಮೀಟರು ಎತ್ತರ,
ನಮ್ಮ ದೇಶದವು ಇನ್ನೂ ಮೇಲೆ,
ಸುತ್ತುತ್ತ ಎರಡೇ ಮಾತು ಹೇಳುತ್ತವೆ, ಹೇಳುತ್ತಲೇ ಇರುತ್ತವೆ:
ನಾನು ಇಲ್ಲಿದ್ದೇನೆ. ಈಗ ಗಂಟೆ ಇಷ್ಟು.
ಮಾತು ಮುಟ್ಟಲು ಎಷ್ಟು ತಡವಾಯಿತೆಂದು
ಕೇಳಿಸಿಕೊಂಡವರೇ ಎಣಿಸಬೇಕು.
ತಡವೇ ದೂರ.

"ಹಂಗಾರೆ ಮೂರು ಸಾಕಲ್ಲ," ಅಂದ ಗಿಡ್ಡಪ್ಪ
ಕೋಲು ಅಲುಗಿಸದೆ.
ಮೂವತ್ತೊಂದು ವರ್ಷ ಸರಪಳಿ ಎಳೆದವನು,
ಬರುವ ತಿಂಗಳು ನಿವೃತ್ತಿ.
"ಹೊನ್ನೆಯಿಂದ ನಾಲ್ಕು ಸರಪಳಿ ಆರಾಣೆ,
ಮತ್ತಿಯಿಂದ ಎರಡು ಹನ್ನೊಂದಾಣೆ,
ನಂದಿಯಿಂದ ಸರಿಯಾಗಿ ಐದು.
ಮೂರೂ ಕೂಡಿದಲ್ಲಿ ಅಗೆದರೆ ಕಲ್ಲು."

ಸಾಕಾಗುತ್ತಿತ್ತು ಗಿಡ್ಡಪ್ಪ, ನನ್ನ ಗಡಿಯಾರ ನೆಟ್ಟಗಿದ್ದರೆ.
ಅವುಗಳದು ಅಣುವಿನ ಗಡಿಯಾರ,
ಈ ಡಬ್ಬಿಯೊಳಗಿನದು ಅಗ್ಗದ ಮಾಲು.
ನಾಲ್ಕನೆಯದು ಬೇಕು,
ನನ್ನ ಸುಳ್ಳು ಎಷ್ಟೆಂದು ಹಿಡಿದುಕೊಡಲು.

ಅಲ್ಲಿ ಹೊತ್ತೂ ಬೇರೆ ಓಡುತ್ತದೆ,
ದಿನಕ್ಕೆ ಕೂದಲೆಳೆಯಷ್ಟು ಮುಂದೆ.
ತಿದ್ದದೆ ಬಿಟ್ಟರೆ ನಾಳೆ ಇಷ್ಟು ಹೊತ್ತಿಗೆ
ಬಂಗಾರಮ್ಮನ ಗದ್ದೆ ನಗರದ ಕೋಟೆ ಹತ್ತಿ ಕೂತಿರುತ್ತದೆ.
"ಕೂರಲಿ," ಅಂದಳು, "ಅಲ್ಲಿ ಕಾಡುಕೋಣದ ಕಾಟ ಇಲ್ಲ."

ಗಿಡ್ಡಪ್ಪ ನಗಲಿಲ್ಲ.
"ಸರಪಳೀನೂ ಹಂಗೇ ಮೇಡಂ. ಬೇಸಿಗೇಲಿ ಕಾದು ಉದ್ದ ಆಗ್ತಿತ್ತು.
ಬೆಳಿಗ್ಗೆ ಅಳೆದ ಗದ್ದೆ ಮಧ್ಯಾಹ್ನ ಸಣ್ಣ.
ಸಾಹೇಬ್ರಿಗೆ ಹೇಳಿದ್ರೆ
ನಿನ್ನ ತಲೆ ಕಾದಿದೆ ಅಂತಿದ್ರು."

ಮೇಲೆ ಎಲೆಯ ಸೂರು.
ಮಾತು ಎಲೆಗೆ ಬಡಿದು, ಬಂಡೆಗೆ ಬಡಿದು
ಬಳಸಿಕೊಂಡು ಬರುತ್ತದೆ, ಊರ ಸುದ್ದಿಯ ಹಾಗೆ
ಇದ್ದದ್ದಕ್ಕಿಂತ ಉದ್ದವಾಗಿ.
ಏಳು ಕಾಣುತ್ತವೆ. ಐದು. ಮೂರು.
ಮತ್ತೆ ಐದು.
ಮಂಗಟ್ಟೆಯೊಂದು ಗೊರಗೊರ ರೆಕ್ಕೆ ಬೀಸಿ ಹೋಯಿತು.
ಹನ್ನೊಂದು ಗಂಟೆ ಏಳು ನಿಮಿಷಕ್ಕೆ
ಫಿಕ್ಸ್.

ಅಗೆದೆವು. ಕಲ್ಲಿಲ್ಲ.

ಗಿಡ್ಡಪ್ಪ ಕೋಲನ್ನು ನನ್ನ ಕೈಗೆ ಕೊಟ್ಟು
ನಂದಿ ಮರ ಇದ್ದಲ್ಲಿಗೆ ಹೋದ.
ಮರ ಬಿದ್ದು ಹದಿನೆಂಟು ವರ್ಷ,
ಅಲ್ಲೀಗ ಒಂದು ತಗ್ಗು, ತಗ್ಗಿನಲ್ಲಿ ಕೆಸುವಿನೆಲೆ.
ಅಲ್ಲಿಂದ ತುಟಿ ಅಲುಗಿಸುತ್ತ ನಡೆದು ಬಂದು
ಗುಂಡಿಯ ಅಂಚಿಗೆ ಹಾರೆ ಹಾಕಿದ.
ಠಣ್.

ಒಂದು ಗೇಣು.
ಗೇಣಿನ ಅತ್ತ ನನ್ನ ಬಿಂದು, ಇತ್ತ ಅವನ ಕಲ್ಲು.
ಟಿಪ್ಪಣಿ ಬರೆದವನು ಅಳೆದದ್ದು ಮಧ್ಯಾಹ್ನವೋ,
ಮತ್ತಿಯ ಬೇರು ಕಲ್ಲನ್ನು ಮೆಲ್ಲಗೆ ನೂಕಿತೋ,
ಆಕಾಶದಿಂದ ಬಂದದ್ದನ್ನು
ಒಂದು ಎಲೆ ಅರೆಗಳಿಗೆ ಹಿಡಿದಿಟ್ಟುಕೊಂಡಿತೋ.

"ಅವು ನಾನಿಲ್ಲಿದ್ದೇನೆ ಅಂತಾವಲ್ಲ,
ಅವಕ್ಕೆ ಯಾರು ಹೇಳಿದ್ದು?"
ನೆಲ, ಅಂದೆ. ಹಾಸನದಂಥ ಕಡೆ
ದೊಡ್ಡ ಬಟ್ಟಲುಗಳು ಬಾನಿಗೆ ಬಾಯಿ ತೆರೆದು ಕೂತಿವೆ.
ನೀನು ಎಲ್ಲಿದ್ದೀಯ ಅಂತ
ಇಲ್ಲಿಂದಲೇ ಲೆಕ್ಕ ಹಾಕಿ ಅವಕ್ಕೆ ತಿಳಿಸುತ್ತಾರೆ.
"ಹೌದಾ," ಅಂದ. ಕಲ್ಲಿನ ಮೇಲಿನ ಮಣ್ಣನ್ನು
ಅಂಗೈಯಲ್ಲಿ ಒರೆಸಿದ.

ಬಂಗಾರಮ್ಮ ಇಳಿದು ಬಂದು ಕೈ ಹರವಿಟ್ಟಳು,
ಹೆಬ್ಬೆರಳು ಬಿಂದುವಿನಲ್ಲಿ, ಕಿರುಬೆರಳು ಕಲ್ಲಿಗೆ.
"ಇಷ್ಟೇನಾ," ಅಂದಳು.
ಕೈ ತೆಗೆಯಲಿಲ್ಲ.
ನಕ್ಷೆಯಲ್ಲಿ ಯಾವುದನ್ನು ಬರೆಯಲಿ ಅಂತ ನಾನು ನಿಂತಿದ್ದೆ,
ಕೋಲು ತುಸು ವಾಲಿರಬೇಕು,
ಪರದೆ ಮತ್ತೆ ತೇಲತೊಡಗಿತು.