ನಡಾವಳಿ ಪುಸ್ತಕದ ಅಂಚಿನಲ್ಲಿ

ಸಿದ್ದಾಪುರ, ಫೆಬ್ರವರಿ ಇಪ್ಪತ್ತೊಂದು. ಕೋರಂ ಇದೆ.
ಇಷ್ಟನ್ನು ನೀಲಿ ಶಾಯಿಯಲ್ಲಿ ಬರೆದೆ.
ಫ್ಯಾನಿನ ಗಾಳಿಗೆ ಪುಟ ಏಳುತ್ತಿತ್ತು,
ಮೇಲೆ ನನ್ನ ನೀರಿನ ಬಾಟಲಿ ಇಟ್ಟೆ. ಖಾಲಿ. ಅದೂ ಹಾರಿತು.

ವಿಷಯ ಒಂದು: ನೀರಿಗೊಂದು ಮಂಡಳಿ.
ತನ್ನದೇ ಗಡಿ, ತನ್ನದೇ ತೆರಿಗೆ,
ಸಾಲಪತ್ರ ಹೊರಡಿಸಲು ತನ್ನದೇ ಮೊಹರು.
ಸಾಲ ತೀರಲು ಮೂವತ್ತು ವರ್ಷ ಎಂದಾಗ
ಪೌಲೋಸ್ ಮೇಷ್ಟ್ರು ಬೆರಳು ಮಡಚಿ ಎಣಿಸಿ
ನಕ್ಕುಬಿಟ್ಟರು. ಎಷ್ಟಾಯಿತೆಂದು ಹೇಳಲಿಲ್ಲ.

ಉತ್ತಯ್ಯನವರು ಡೈರಿ ತಂದಿದ್ದರು,
ಅಪ್ಪನ ಕಾಲದಿಂದ ಇಂಚು ಸೆಂಟಿನಲ್ಲಿ ಬರೆದಿಟ್ಟ ಮಳೆ.
‘ಹೋದ ವರ್ಷ ಎಪ್ಪತ್ತೆಂಟು ಇಂಚು ನಲವತ್ತು ಸೆಂಟು.
ಈ ಊರಿಗೆ ನೀರಿಲ್ಲ ಅಂದರೆ ಜನ ನಗುತ್ತಾರೆ.’
ಯಾರೂ ನಗಲಿಲ್ಲ.
ಹೊಳೆಯ ಕಡೆಯಿಂದ ಅವರದೇ ಪಂಪಿನ ಸದ್ದು,
ಕಾಫಿ ಹೂ ಬಿಡಿಸಲು ಸ್ಪ್ರಿಂಕ್ಲರಿನ ಮಳೆ,
ಡೈರಿಗೆ ಸೇರದ ಇಂಚು.

‘ಜಮ್ಮಾ ಜಾಗಕ್ಕೆ ಅರ್ಧ ಕಂದಾಯ ಕಟ್ಟಿದವರು ನಾವು,
ನೀರಿಗೂ ಅರ್ಧವೇ ಹಾಕಿ,’ ಹಿಂದಿನ ಬೆಂಚಿನಿಂದ ಯಾರೋ.
ಕರಡಿಗೋಡಿನ ಸಫಿಯಾ ಎದ್ದಳು:
‘ಜುಲೈಯಲ್ಲಿ ಹೊಳೆ ಕೇಳದೆ ಒಳಗೆ ಬರ್ತದೆ, ಮಂಚದವರೆಗೆ.
ಮಾರ್ಚಿನಲ್ಲಿ ಕರೆದರೂ ನಲ್ಲಿಗೆ ಬರೋದಿಲ್ಲ.
ತೆರಿಗೆ ಬಂದದ್ದಕ್ಕೋ, ಬರದೇ ಇದ್ದದ್ದಕ್ಕೋ?’
(ನಾನು ಬರೆದದ್ದು: ಸದಸ್ಯರು ಸ್ಪಷ್ಟೀಕರಣ ಕೋರಿದರು.)

ಆಮೇಲೆ ನಕಾಶೆ. ಕೆಂಪು ಪೆನ್ಸಿಲ್ಲಿನ ಗೆರೆ
ಪೇಟೆ ಸುತ್ತಿ, ಮಸೀದಿ ಬಳಸಿ, ಇಗರ್ಜಿಯ ಬೆನ್ನಿಗೆ ಹಾದು
ತೋಟದ ಬೇಲಿಗೆ ಬಂದು ನಿಂತಿತು.
ಬೇಲಿಯಾಚೆ ಲೈನ್‌ಮನೆ. ಹದಿನೆಂಟು ಬಾಗಿಲು,
ಒಂದಕ್ಕೂ ನಂಬರಿಲ್ಲ.
ನಂಬರಿಲ್ಲದ್ದಕ್ಕೆ ತೆರಿಗೆ ಇಲ್ಲ, ಪೈಪೂ ಇಲ್ಲ.
‘ಬಡವರು, ಬಿಟ್ಟುಬಿಡೋಣ,’ ಅಂದರು ಅಧ್ಯಕ್ಷರು ಮೆತ್ತಗೆ,
ಬಹಳ ಒಳ್ಳೆಯ ಮನಸ್ಸಿನಿಂದ.

ಪಣಿ ಎರವರ ಬೊಳ್ಚಿ
(ಸಭೆಗೆ ಬಂದದ್ದಲ್ಲ, ಚಹಾದ ಲೋಟ ಒಯ್ಯಲು)
ಎತ್ತಿದ ಲೋಟಗಳನ್ನು ಮತ್ತೆ ಮೇಜಿಗಿಟ್ಟಳು.
‘ನಮಗೂ ಹಾಕಿ.’
ಏನು?
‘ತೆರಿಗೆ. ತಿಂಗಳಿಗೆ ಹತ್ತಾದರೂ.
ಹೆಸರು ಬರೆದು ರಸೀದಿ ಕೊಡಿ.
ನನ್ನಜ್ಜಿ ಸತ್ತದ್ದೂ ಅದೇ ಬಾಗಿಲಲ್ಲಿ,
ಹಾಗಂತ ಹೇಳೋ ಒಂದು ಚೀಟಿ ನನ್ನ ಹತ್ತಿರ ಇಲ್ಲ.
ಸಾಲಿನಲ್ಲಿ ಇದ್ದವರು ಸಾಲದಲ್ಲೂ ಇರ್ತೀವಿ.
ಪೈಪು ಬೇಕಾದರೆ ಆಮೇಲೆ ಬರಲಿ.’

ಕರೆಂಟು ಹೋಯಿತು. ಫ್ಯಾನು ನಿಂತಿತು, ಹೊಳೆಯ ಪಂಪೂ.
ಪುಟ ತಾನಾಗಿ ಮಲಗಿತು.
ರಬ್ಬರು ಯಾರ ಹತ್ತಿರವೂ ಇರಲಿಲ್ಲ. ಉತ್ತಯ್ಯನವರು
ಹೆಬ್ಬೆರಳಿಗೆ ಉಗುಳು ಹಚ್ಚಿ ಗೆರೆ ಉಜ್ಜಿದರು.
ಅಳಿಯಲಿಲ್ಲ. ಅಗಲವಾಯಿತು,
ಬೇಲಿ ಯಾವುದು, ಬಾಗಿಲು ಯಾವುದು ತಿಳಿಯದಷ್ಟು.

ನಿರ್ಣಯ: ಮುಂದಿನ ಸಭೆಗೆ.
ಎಲ್ಲರೂ ಸಹಿ ಮಾಡಿ ಹೋದ ಮೇಲೆ
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ:
ಬೊಳ್ಚಿ. ಮನೆ ನಂಬರು, ಜಾಗ ಬಿಟ್ಟಿದೆ.
ರೂಪಾಯಿ ಹತ್ತು.
ಬಾಕಿ.