ಬಿಜಾಗರಿಯ ಮೊಳೆ

ಕ್ಯಾಂಪಿನಿಂದ ಬಂದಿದ್ದಳು ಶಾಹೇದಾ,
ಟರ್ಕಿ ಟಾವೆಲಿನಲ್ಲಿ ಸುತ್ತಿದ ಚಾದಾನಿ
ಕಂಕುಳಲ್ಲಿ, ನಿದ್ದೆಗೂಸಿನಂತೆ.
‘ನಮ್ಮ ದಾದಾ ಕರ್ನಲ್ಲನ ಖಾನಸಾಮಾ ಇದ್ರು.
ಸಾಹೇಬ ಹೋಗೂ ಮುಂದ ಕೊಟ್ಟದ್ದು.
ಬೆಳ್ಳಿ ಹೌದೇನ್ ನೋಡ್ರಿ.’

ಶಹಾಪುರದ ಈ ಓಣಿಯಲ್ಲಿ
ನೋಡುವುದೆಂದರೆ ಮೊದಲು ಕೇಳುವುದು.
ಉಗುರಿನಿಂದ ತಟ್ಟಿದೆ. ದನಿ ಗಿಡ್ಡ.
ಬೋರಲು ಹಾಕಿ ಭೂತಗನ್ನಡಿ ಹಿಡಿದೆ:
ನಡೆಯುವ ಸಿಂಹವಿಲ್ಲ, ವರ್ಷದ ಗುರುತಿಲ್ಲ,
ನಾಲ್ಕು ಇಂಗ್ಲಿಷ್ ಅಕ್ಷರ ಸಾಲಾಗಿ ನಿಂತು
ಮುದ್ರೆಯ ಸೋಗು ಹಾಕಿವೆ.

ಹೊಟ್ಟೆಯ ಉಬ್ಬಿನಲ್ಲಿ ಎರಡು ಬೆರಳಗಲ
ಸವೆದು, ಒಳಗಿನ ಮಂಕು ಹಳದಿ ಇಣುಕಿದೆ.
‘ಅಲ್ಲೇ ದಾದಿ ತಿಕ್ಕತಿದ್ಲು,
ಶುಕ್ರವಾರಕ್ಕೊಮ್ಮೆ, ಸುಣ್ಣದ ಪುಡಿ ಹಚ್ಚಿ.’

‘ಬೆಳ್ಳಿ ನೀರು ಕುಡಿಸಿದ್ದು ತಂಗಿ.
ತೂಕಕ್ಕ ಬರೂದಿಲ್ಲ.’
ಅವಳು ಟಾವೆಲು ಕೊಡವಿ
ಮಡಿಕೆ ಹುಡುಕತೊಡಗಿದಳು.

ಮುಚ್ಚಳ ಎತ್ತಿದೆ, ಸುಮ್ಮನೆ, ಕೈಯ ಚಾಳಿಗೆ.
ಒಳಗೆಲ್ಲ ಚಹಾದ ಕರಿ.
ಬಿಜಾಗರಿಯ ಮೊಳೆ ಮಾತ್ರ
ಬೇರೆ ಬಣ್ಣ, ಬೇರೆ ಕೈ.
ಯಾರೋ ಪೈಜಣದ ಕೊಂಡಿಯೊಂದನ್ನು ಬಿಚ್ಚಿ
ಕಾಯಿಸಿ, ಎಳೆದು, ತಂತಿ ಮಾಡಿ,
ಎರಡೂ ತುದಿ ಬಡಿದು ಕೂರಿಸಿದ್ದಾರೆ.
ಒರೆಗಲ್ಲು ಬೇಕಾಗಲಿಲ್ಲ.
ಅಪ್ಪಟ ಬೆಳ್ಳಿ,
ಎರಡು ಅಕ್ಕಿಕಾಳಿನುದ್ದ.

ತೋರಿಸಿದೆ. ಬಗ್ಗಿ ನೋಡಿದಳು.
ಹೊರಗೆ ಟಾಂಗಾ ಸ್ಟ್ಯಾಂಡಿನ ಕಡೆ ಯಾರೋ ಬೈದಾಡುತ್ತಿದ್ದರು.
‘ಒಂದು ಕಾಲಿನ ಪೈಜಣಕ್ಕ
ದಾದಿ ಯಾವಾಗ್ಲೂ ದಾರ ಕಟ್ಟತಿದ್ಲು,’ ಅಂದಳು,
‘ಕೇಳಿದ್ರ ನಗತಿದ್ಲು.’

ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ.
ಎಪ್ಪತ್ತು ವರ್ಷ. ಕೂದಲೆಳೆಯಷ್ಟೂ ಅಲುಗಿಲ್ಲ.
ಯಾವ ಪತ್ತಾರನೋ,
ಹೆಸರು ಒತ್ತಿಲ್ಲ.